ನೆಲಮಾಳಿಗೆಯಲ್ಲಿ ಹುಟ್ಟಿದ ಆಟ

ಅಮೆರಿಕದ ಶಿಕಾಗೊ ನಗರದಿಂದ ವಾಯವ್ಯಕ್ಕೆ ಸುಮಾರು 120 ಕಿಲೊಮೀಟರ್ ಸಾಗಿ ವಿಸ್ಕಾನ್ಸಿನ್ ರಾಜ್ಯದ ಗಡಿ ದಾಟಿದರೆ ಲೇಕ್ ಜಿನೀವಾ ಎಂಬ ಪುಟ್ಟ ಊರು ಎದುರಾಗುತ್ತದೆ. ಜನಸಂಖ್ಯೆ ಎಂಟು ಸಾವಿರದ ಆಸುಪಾಸು. ಹಿಮಯುಗದ ಹಿಮನದಿಗಳು ಕೊರೆದು ಬಿಟ್ಟುಹೋದ ತಗ್ಗಿನಲ್ಲಿ ನೀರು ತುಂಬಿ ಆದ ಸರೋವರವೇ ಈ ಊರಿನ ಐಸಿರಿ. ಅದರ ದಂಡೆಗುಂಟ ಸುಮಾರು 34 ಕಿ.ಮೀ. ಕಾಲುದಾರಿಯಿದೆ. ಸಿರಿವಂತರ ಹಳೆಯ ಬಂಗಲೆಗಳ ಅಂಗಳದಲ್ಲೇ ಹಾದುಹೋಗುವ ಈ ದಾರಿಯಲ್ಲಿ ಯಾರು ಬೇಕಾದರೂ ನಡೆಯಬಹುದು.

ಬೇಸಿಗೆಯಲ್ಲಿ ಇಲ್ಲಿಗೆ ಬಂದವರು ತಪ್ಪದೆ ನೋಡುವ ಸೋಜಿಗವೊಂದಿದೆ. ದಂಡೆಯ ಮನೆಗಳಿಗೆ ಅಂಚೆ ಬರುವುದು ದೋಣಿಯಲ್ಲಿ. ದೋಣಿ ಎಲ್ಲೂ ನಿಲ್ಲುವುದಿಲ್ಲ. ಅದು ಸಾಗುತ್ತಿರುವಾಗಲೇ ಹುಡುಗನೋ ಹುಡುಗಿಯೋ ಕಟ್ಟೆಗೆ ಜಿಗಿದು, ಪೆಟ್ಟಿಗೆಗೆ ಕಾಗದ ಹಾಕಿ, ಓಡಿಬಂದು ಮತ್ತೆ ದೋಣಿಗೆ ಹಾರಬೇಕು. ಯಾವ ಕಟ್ಟೆಯಲ್ಲಿ ಪೆಟ್ಟಿಗೆ ಎಲ್ಲಿದೆ ಎಂಬುದು ಜಿಗಿಯುವವರಿಗೆ ಬಾಯಿಪಾಠ. ಆದರೆ ಹಲಗೆ ಇಂದು ಒದ್ದೆಯಾಗಿದೆಯೋ, ಅಡ್ಡ ಯಾರಾದರೂ ಕುರ್ಚಿ ಇಟ್ಟಿದ್ದಾರೋ, ಅದು ಜಿಗಿದ ಮೇಲೆಯೇ ತಿಳಿಯುವುದು.

ಇದೇ ಊರಿನ ಸೆಂಟರ್ ಸ್ಟ್ರೀಟ್‌ನ 330ನೇ ಸಂಖ್ಯೆಯ ಮನೆಯತ್ತ ಹೆಚ್ಚಿನ ಪ್ರವಾಸಿಗರು ತಿರುಗಿಯೂ ನೋಡುವುದಿಲ್ಲ. ಗ್ಯಾರಿ ಗೈಗ್ಯಾಕ್ಸ್ ವಾಸವಾಗಿದ್ದ ಮನೆ ಅದು. 1970ರಲ್ಲಿ ವಿಮಾ ಕಂಪನಿಯ ನೌಕರಿ ಕಳೆದುಕೊಂಡ ಅವರು ನೆಲಮಾಳಿಗೆಯಲ್ಲಿ ಜೋಡು ರಿಪೇರಿ ಮಾಡಿ ಸಂಸಾರ ಸಾಗಿಸಿದರು. 1974ರಲ್ಲಿ ಬೆಳಕು ಕಂಡ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟವನ್ನು ಹಲವು ಕಾಲ ಆಡಿ ನೋಡಿದ್ದೂ ಈ ನೆಲಮಾಳಿಗೆಯಲ್ಲೇ.

ಈ ಆಟ ಪಗಡೆ, ಚದುರಂಗದಂಥದ್ದಲ್ಲ. ಮೇಜಿನ ಸುತ್ತ ನಾಲ್ಕಾರು ಜನ ಕೂರುತ್ತಾರೆ. ಒಬ್ಬ ಸೂತ್ರಧಾರ. ಉಳಿದವರಿಗೆ ಒಂದೊಂದು ಪಾತ್ರ. ‘ಮುಂದೆ ಕಬ್ಬಿಣದ ಬಾಗಿಲಿದೆ, ಒಳಗಿನಿಂದ ಸದ್ದು ಕೇಳುತ್ತಿದೆ, ಏನು ಮಾಡುತ್ತೀರಿ?’ ಎಂದು ಸೂತ್ರಧಾರ ಕೇಳುತ್ತಾನೆ. ಒಬ್ಬ ಬಾಗಿಲು ಒದೆಯಬಹುದು, ಇನ್ನೊಬ್ಬ ತಟ್ಟಬಹುದು, ಮೂರನೆಯವನು ಊರಿಗೆ ಮರಳಿ ಊಟ ಮಾಡೋಣ ಎನ್ನಬಹುದು. ಸಂದೇಹವಿದ್ದಲ್ಲಿ ದಾಳ ತೀರ್ಮಾನಿಸುತ್ತದೆ. ಹೀಗಿರುವಾಗ ಸೂತ್ರಧಾರ ಹಿಂದಿನ ದಿನ ಮನೆಯಲ್ಲಿ ಕೂತು ಏನೆಂದು ತಯಾರಿ ಮಾಡಬೇಕು?

ಇದರ ಪಾಠ ಮೊದಲು ನಡೆದದ್ದು ಪಕ್ಕದ ಮಿನ್ನೆಸೋಟ ರಾಜ್ಯದ ಅವಳಿ ನಗರಗಳಲ್ಲಿ. ಅಲ್ಲಿ 1969ರಲ್ಲಿ ಡೇವಿಡ್ ವೆಸ್ಲಿ ಎಂಬ ತರುಣ ಗೆಳೆಯರಿಗಾಗಿ ಯುದ್ಧದಾಟವೊಂದನ್ನು ಅಣಿಗೊಳಿಸಿದ. ನೆಪೋಲಿಯನ್ ಕಾಲದ ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಊರು. ಒಬ್ಬ ಮೇಯರ್, ಇನ್ನೊಬ್ಬ ಬ್ಯಾಂಕಿನವ, ಮತ್ತೊಬ್ಬ ವಿದ್ಯಾರ್ಥಿ. ಸೇನೆಗಳು ಬಂದು ಕಾದಾಡುವುದು ಅವನ ಯೋಜನೆ. ಆದರೆ ಗೆಳೆಯರು ತಮ್ಮತಮ್ಮಲ್ಲೇ ಪಿಸುಗುಟ್ಟಿ ಸಂಚು ಹೂಡಿದರು, ಇಬ್ಬರು ದ್ವಂದ್ವಯುದ್ಧಕ್ಕೇ ನಿಂತರು. ಕದನ ನಡೆಯಲೇ ಇಲ್ಲ. ಎಲ್ಲ ಕೆಟ್ಟಿತೆಂದು ವೆಸ್ಲಿ ತಲೆ ಮೇಲೆ ಕೈ ಹೊತ್ತ. ಗೆಳೆಯರಾದರೋ ಮತ್ತೊಮ್ಮೆ ಆಡಿಸು ಎಂದು ದುಂಬಾಲು ಬಿದ್ದರು. ನೀರಿಗಿಳಿದ ಯೋಜನೆಯೇ ಹೊಸ ಆಟಕ್ಕೆ ಬೀಜವಾಯಿತು.

ಆ ಗೆಳೆಯರಲ್ಲೊಬ್ಬನಾದ ಡೇವ್ ಆರ್ನೆಸನ್ 1971ರಲ್ಲಿ ಬ್ಲ್ಯಾಕ್‌ಮೂರ್ ಎಂಬ ಕೋಟೆಯನ್ನೂ ಅದರಡಿಯ ಸುರಂಗಗಳನ್ನೂ ಕಲ್ಪಿಸಿ ಆಡಿಸತೊಡಗಿದ. 1972ರ ಕೊನೆಯಲ್ಲಿ ಅದನ್ನು ಲೇಕ್ ಜಿನೀವಾಕ್ಕೆ ತಂದು ಗೈಗ್ಯಾಕ್ಸ್‌ಗೆ ತೋರಿಸಿದ. ಅನಂತರ ಗೈಗ್ಯಾಕ್ಸ್ ಗ್ರೇಹಾಕ್ ಎಂಬ ಕೋಟೆ ಬರೆದರು. ಅದರೊಳಗೆ ಮೊದಲು ಇಳಿದವರು ಅವರ ಮಗ ಮತ್ತು ಮಗಳು. ನೆಲದಡಿಯ ಅಂತಸ್ತುಗಳೆಲ್ಲ ಒಮ್ಮೆಲೇ ಸಿದ್ಧವಾಗಿರಲಿಲ್ಲ. ಆಟಗಾರರು ಇಳಿದಂತೆಲ್ಲ ಕೆಳಗಿನ ಅಂತಸ್ತು ಬೆಳೆಯಿತು. ಕೋಣೆಗೊಂದು ಸಾಲಿನ ಟಿಪ್ಪಣಿ, ಉಳಿದದ್ದು ಬಾಯಿಗೆ ಬಂದಂತೆ.

ಇಂದಿಗೂ ಅನುಭವಿ ಸೂತ್ರಧಾರರ ತಯಾರಿ ಹೆಚ್ಚುಕಡಿಮೆ ಹೀಗೆಯೇ. ಅವರು ಕಥೆ ಬರೆಯುವುದಿಲ್ಲ, ಊರು ಕಟ್ಟುತ್ತಾರೆ. ಒಂದು ಹಾಳೆಯಲ್ಲಿ ಮೂರು ನಾಲ್ಕು ತಾಣಗಳು. ಪ್ರತಿ ಪಾತ್ರಕ್ಕೆ ಒಂದೊಂದು ಆಸೆ, ಒಂದೊಂದು ಭಯ. ಛತ್ರದವನ ಹೆಸರೇನೆಂದು ಯಾರಾದರೂ ಕೇಳಿದರೆ ತಡವರಿಸದಿರಲು ಹತ್ತು ಹೆಸರುಗಳ ಪಟ್ಟಿ. ಯಾರೂ ತಡೆಯದಿದ್ದರೆ ಖಳನಾಯಕ ನಾಳೆ ಏನು ಮಾಡುತ್ತಾನೆ ಎಂಬ ಒಂದು ಸಾಲು. ಬಯಲಾಗಬೇಕಾದ ಗುಟ್ಟನ್ನು ಒಂದೇ ಪೆಟ್ಟಿಗೆಯಲ್ಲಿಟ್ಟರೆ ಆಟಗಾರರು ಆ ಪೆಟ್ಟಿಗೆ ತೆರೆಯದೆ ಹೋದಾರು. ಅದಕ್ಕೇ ಅದನ್ನು ಯಾರ ಬಾಯಿಂದ ಬೇಕಾದರೂ ಬರುವಂತೆ ಇಟ್ಟುಕೊಳ್ಳುತ್ತಾರೆ. ಅಂತ್ಯವನ್ನು ಮಾತ್ರ ಬರೆಯುವುದಿಲ್ಲ. ಬರೆದರೆ ಅದರ ಮೇಲೆ ಮೋಹ ಹುಟ್ಟುತ್ತದೆ. ಆಮೇಲೆ ಎದುರು ಕೂತವರ ಮಾತು ಕಿವಿಗೆ ಬೀಳುವುದಿಲ್ಲ.

ದಾಳಗಳದ್ದೂ ಇಂಥದೇ ಕಥೆ. 4, 6, 8, 12 ಮತ್ತು 20 ಮುಖಗಳ ಆ ಘನಾಕೃತಿಗಳನ್ನು ರೇಖಾಗಣಿತ ಓದಿದವರೆಲ್ಲ ಬಲ್ಲರು. ಮೊದಮೊದಲು ಅವು ಸಿಕ್ಕಿದ್ದು ಶಾಲೆಗಳಿಗೆ ಪಾಠೋಪಕರಣ ಮಾರುವವರ ಬಳಿ. 20 ಮುಖದ ದಾಳದಲ್ಲಿ ಪ್ರತಿ ಅಂಕಕ್ಕೂ ನೂರಕ್ಕೆ ಐದರಷ್ಟು ಸಾಧ್ಯತೆ. ಆದರೆ 6 ಮುಖದ ಮೂರು ದಾಳಗಳನ್ನು ಒಟ್ಟಿಗೆ ಎಸೆದರೆ 216 ಬಗೆಗಳಲ್ಲಿ 10 ಬರುವುದು 27 ಬಾರಿ, 18 ಬರುವುದು ಒಂದೇ ಬಾರಿ. ಯಾವ ಸಾಧ್ಯತೆ ಎಷ್ಟು ಎಂಬುದು ಸೂತ್ರಧಾರನಿಗೆ ಗೊತ್ತು. ಈ ಸಲ ಏನು ಬೀಳುತ್ತದೆ ಎಂಬುದು ಗೊತ್ತಿಲ್ಲ.

ಗೈಗ್ಯಾಕ್ಸ್ ಕಟ್ಟಿದ ಕಂಪನಿ ಅವರ ಕೈತಪ್ಪಿತು, 1997ರಲ್ಲಿ ಬೇರೆಯವರಿಗೆ ಮಾರಾಟವಾಗಿ ಊರನ್ನೇ ಬಿಟ್ಟಿತು. 2008ರ ಮಾರ್ಚ್ 4ರಂದು ಅವರು ತೀರಿಕೊಂಡರು. ಮರುವರ್ಷ ಆರ್ನೆಸನ್ ಕೂಡ ಹೋದರು. ಗೈಗ್ಯಾಕ್ಸ್ ಅಂತ್ಯಕ್ರಿಯೆಗೆ ಬಂದಿದ್ದ ಬಂಧುಮಿತ್ರರು ಅಂದು ಮೇಜಿನ ಸುತ್ತ ಕೂತು ಆಟವಾಡಿಯೇ ಅವರನ್ನು ನೆನೆದರು. ಅದೇ ಮುಂದೆ ಗ್ಯಾರಿ ಕಾನ್ ಎಂಬ ವಾರ್ಷಿಕ ಮೇಳವಾಯಿತು.

ಮೇಳಕ್ಕೆ ಬರುವ ಸೂತ್ರಧಾರರ ಚೀಲದಲ್ಲಿ ನಕ್ಷೆಗಳು, ಹೆಸರುಗಳ ಪಟ್ಟಿಗಳು ತುಂಬಿರುತ್ತವೆ. ಆಟ ಮುಗಿದಾಗ ಎಷ್ಟೋ ಹಾಳೆಗಳು ಮಡಿಕೆ ಬಿಚ್ಚದೆ ಹಾಗೆಯೇ ಉಳಿದಿರುತ್ತವೆ. ಆ ಬಗ್ಗೆ ಬೇಸರಪಡುವವರು ಕಡಿಮೆ. ಬೇಸಿಗೆ ಬಂದರೆ ಸರೋವರದಲ್ಲಿ ಅಂಚೆ ದೋಣಿಯೂ ಹೊರಡುತ್ತದೆ. ಅಲ್ಲಿಯೂ ಕಟ್ಟೆಗಳೆಲ್ಲ ಗೊತ್ತಿರುವವೇ, ಆದರೂ ಪ್ರತಿ ಜಿಗಿತ ಹೊಸದೇ.