ಕಿನಾಂಗೊದ ಮುಯ್ಯಾಳುಗಳು

ಕೀನ್ಯಾದ ಮೊಂಬಾಸಾ ದ್ವೀಪದಿಂದ ಲಿಕೋನಿಯ ಕಡವನ್ನು ದಾಟಿ ತೆಂಕಣಕ್ಕೆ ಹೊರಟ ಪ್ರವಾಸಿಗೆ ಮೊದಲು ತೆಂಗಿನ ತೋಪುಗಳು ಎದುರಾಗುತ್ತವೆ. ಕ್ವಾಲೆಯ ಬಳಿ ರಸ್ತೆ ಶಿಂಬಾ ಬೆಟ್ಟಗಳನ್ನೇರುತ್ತದೆ. ಆನೆಗಳು ಅಲೆಯುವ ಆ ಹಸುರು ಕಾಡು ನಮ್ಮ ಮಲೆನಾಡಿನ ನೆನಪು ತರುವಂಥದು. ಬೆಟ್ಟವನ್ನಿಳಿದು ಪಡುವಣಕ್ಕೆ ಸಾಗಿದೊಡನೆ ಕಡಲ ಮೋಡಗಳು ಹಿಂದೆಯೇ ನಿಂತುಬಿಡುತ್ತವೆ. ಕೆಮ್ಮಣ್ಣು, ಮುಳ್ಳುಕಂಟಿ, ಅಲ್ಲೊಂದು ಇಲ್ಲೊಂದು ದೈತ್ಯಾಕಾರದ ಬಾವೊಬಾಬ್ ಮರ. ಇದೇ ಕಿನಾಂಗೊ. ಮಿಜಿಕೆಂಡಾ ಪಂಗಡಗಳಲ್ಲಿ ಒಂದಾದ ದುರುಮಾ ಜನರ ನೆಲೆ.

ಇಲ್ಲಿ ಜೋಳದ ಬೆಳೆ ಮಳೆಯ ಕೃಪೆಗೆ ಬಿಟ್ಟದ್ದು. ಆದುದರಿಂದಲೇ ಒಬ್ಬರ ಹೊಲಕ್ಕೆ ಇನ್ನೊಬ್ಬರು ಸರದಿಯ ಮೇಲೆ ದುಡಿಯುವ ಪದ್ಧತಿ ಹಿಂದಿನಿಂದಲೂ ಉಂಟು. ಅದರ ಹೆಸರು ‘ಮ್ವೇರಿಯ’. ನಮ್ಮ ಹಳ್ಳಿಗಳಲ್ಲಿ ಅದನ್ನು ಮುಯ್ಯಾಳು ಎನ್ನುತ್ತಾರೆ. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಊರು ದೊಡ್ಡದಾಗಿ, ಗುಂಪುಗಳು ಹಲವಾದಾಗ ಯಾರ ಮುಯ್ಯಿ ಯಾರ ಮೇಲಿದೆಯೆಂಬುದನ್ನು ನೆನಪಿನಲ್ಲಿ ಇಡುವುದು ಕಷ್ಟ.

ಈ ಲೆಕ್ಕಕ್ಕೆ ಒದಗಿಬಂದದ್ದು ‘ಸರಾಫು’. ಸ್ವಾಹಿಲಿಯಲ್ಲಿ ಈ ಮಾತಿಗೆ ನಾಣ್ಯವೆಂದರ್ಥ. ನಮ್ಮ ಸರಾಫ ಕಟ್ಟೆಯ ಸರಾಫನೂ ಅದೇ ಅರಬ್ಬೀ ಕುಲದವನು! ಇದರ ಹಿಂದಿನ ಕಥೆ ೨೦೧೩ರದು. ಮೊಂಬಾಸಾದ ‘ಬಾಂಗ್ಲಾದೇಶ’ ಎಂಬ ಕೊಳೆಗೇರಿಯಲ್ಲಿ ವಿಲ್ ರಡಿಕ್ ಎಂಬ ಅಮೆರಿಕದ ಭೌತವಿಜ್ಞಾನಿ, ಅಲ್ಲಿಯ ಸಣ್ಣ ವ್ಯಾಪಾರಿಗಳೊಡನೆ ಸೇರಿ, ‘ಬಾಂಗ್ಲಾ ಪೆಸಾ’ ಎಂಬ ಕಾಗದದ ಚೀಟಿಗಳನ್ನು ಹೊರಡಿಸಿದರು. ಪೊಲೀಸರಿಗೆ ಅದರಲ್ಲಿ ರಾಜದ್ರೋಹದ ವಾಸನೆ ಬಡಿದಿರಬೇಕು. ಅವರನ್ನೂ ಕೆಲವು ಸಂಗಡಿಗರನ್ನೂ ಬಂಧಿಸಿದರು. ಮೊಕದ್ದಮೆ ಅದೇ ವರ್ಷ ಬಿದ್ದುಹೋಯಿತು, ಚೀಟಿ ಉಳಿಯಿತು.

ಮುಂದಿನ ವರ್ಷಗಳಲ್ಲಿ ಆ ಚೀಟಿಯೇ ಬ್ಲಾಕ್‌ಚೈನ್ ಎಂಬ ಹೊಸ ಖಾತೆಪುಸ್ತಕವನ್ನೇರಿತು. ಒಂದೇ ಪುಸ್ತಕದ ಪ್ರತಿಗಳು ಹಲವು ಗಣಕಯಂತ್ರಗಳಲ್ಲಿ ಇರುತ್ತವೆ. ಯಾವನೋ ಶಾನುಭೋಗ ರಾತ್ರೋರಾತ್ರಿ ಒಂದು ಸೊನ್ನೆಯನ್ನು ಅಳಿಸಿದರೆ ಉಳಿದ ಪ್ರತಿಗಳು ಅವನ ಮೋಸವನ್ನು ಹೊರಗೆಡಹುತ್ತವೆ. ಹಳ್ಳಿಯ ಹೆಂಗಸಿಗೆ ಇದಾವುದೂ ತಿಳಿದಿರಬೇಕಾಗಿಲ್ಲ. ಗುಂಡಿಯೊತ್ತುವ ಹಳೆಯ ಫೋನಿನಲ್ಲಿ ಒಂದು ಸಂಖ್ಯೆ, ತನ್ನ ಗುಟ್ಟಿನ ಅಂಕಿ ಒತ್ತಿದರಾಯಿತು. ೨೦೨೦ರ ಜನವರಿಯಿಂದ ೨೦೨೧ರ ಜೂನ್‌ವರೆಗೆ, ಕೋವಿಡ್‌ನಿಂದ ಷಿಲ್ಲಿಂಗುಗಳು ಕಾಣೆಯಾಗಿದ್ದ ದಿನಗಳಲ್ಲಿ, ಸುಮಾರು ೪೦ ಸಾವಿರ ಖಾತೆದಾರರು ಕಿನಾಂಗೊದಲ್ಲಿಯೂ ನೈರೋಬಿಯ ಮುಕುರು ಕೊಳೆಗೇರಿಯಲ್ಲಿಯೂ ಇತರೆಡೆಗಳಲ್ಲಿಯೂ ಇದನ್ನು ಬಳಸಿದರು. ಕೀನ್ಯಾದ ರೆಡ್ ಕ್ರಾಸ್ ಕೈಜೋಡಿಸಿತ್ತು.

ಹೊಲದಲ್ಲಿ ಗುದ್ದಲಿ ಹಿಡಿದ ಗುಂಪು ಇಳಿಜಾರಿಗೆ ಅಡ್ಡಲಾಗಿ ಕಂದಕ ತೋಡುತ್ತದೆ. ಹರಿದುಹೋಗುತ್ತಿದ್ದ ಮಳೆನೀರು ಅಲ್ಲಿ ನಿಂತು ಇಂಗಬೇಕು. ಏರಿಯ ಮೇಲೆ ಮರಗೆಣಸು, ತೊಗರಿ, ಅವುಗಳ ನಡುವೆ ಮರದ ಸಸಿಗಳು. ಹೊಲದೊಡತಿಯ ಖಾತೆಯಿಂದ ಗುಂಪಿನ ಖಾತೆಗೆ ಸಲ್ಲುವುದು ಅವಳು ಹಿಂದೆ ಇತರರ ಹೊಲದಲ್ಲಿ ಸುರಿಸಿದ ಬೆವರು. ಬರಡು ನೆಲ ಹಸುರಾಗಲು ಹೊರಗಿನ ಬಂಡವಾಳಕ್ಕಾಗಿ ಕಾಯಬೇಕಾಗಿಲ್ಲವೆಂಬುದೇ ಈ ಏರ್ಪಾಡಿನ ಹೆಚ್ಚಳ. ಆದರೂ ಯಂತ್ರ ಬರೆದಿಡುವುದು ಲೆಕ್ಕವನ್ನು ಮಾತ್ರ. ಗುಂಪು ಮುರಿದರೆ, ಕೊಟ್ಟ ಮಾತಿಗೆ ಯಾರೂ ಬಾರದಿದ್ದರೆ, ಆ ಅಂಕಿಗಳಿಂದ ಒಂದು ಗುದ್ದಲಿಯೂ ಮೇಲೇಳದು.

ಗುಂಪಿನ ನಂಬಿಕೆ ಮುಗಿಯುವಲ್ಲಿ ಸರಾಫಿನ ಚಲಾವಣೆಯೂ ಮುಗಿಯುತ್ತದೆ. ಶಾಲೆಯ ಫೀಜಿಗೆ, ಆಸ್ಪತ್ರೆಯ ಔಷಧಕ್ಕೆ ಷಿಲ್ಲಿಂಗೇ ಬೇಕು. ಆ ದಿನ ಕಿನಾಂಗೊದ ಮನೆಯಿಂದ ಮೇಕೆಯೊಂದು ಸಂತೆಗೆ ಹೊರಡುತ್ತದೆ.