ಗಾಲಿಕುರ್ಚಿಗೂ ಕಿವಿ ಬೇಕು

ಚಾಮರಾಜನಗರ–ಗುಂಡ್ಲುಪೇಟೆ ಕಡೆಯ ಹರವೆಯಂಥ ಊರುಗಳಲ್ಲಿ ಹುರುಳಿ ಒಕ್ಕಣೆಯ ಕಾಲಕ್ಕೆ ರಸ್ತೆಯೇ ಕಣವಾಗುತ್ತದೆ. ನಡೆಯುವವರು ಬದಿಗೆ ಸರಿದು ದಾಟಿಕೊಳ್ಳುತ್ತಾರೆ. ಮೋಟಾರಿನ ಗಾಲಿಕುರ್ಚಿಯಲ್ಲಿ ಕುಳಿತವರು ಏನು ಮಾಡಬೇಕು? ಒಂದು ಬದಿಗೆ ತೆರೆದ ಚರಂಡಿ, ಇನ್ನೊಂದು ಬದಿಗೆ ಜಗಲಿಯ ಕಲ್ಲು, ಮುಂದೆ ಕಟ್ಟಿಹಾಕಿದ ಹಸು. ಕಣ್ಣು ಮಂಜಾಗಿದ್ದರೆ, ಕೈ ನಡುಗುತ್ತಿದ್ದರೆ, ‘ನಿನಗೇಕೆ ಮೋಟಾರು? ಯಾರಾದರೂ ತಳ್ಳುತ್ತಾರೆ ಬಿಡು’ ಎಂದು ಹೇಳಿಬಿಡುವುದು ಸುಲಭ. ಅಂದಿನಿಂದ ಅವರು ಅಂಗಳಕ್ಕೆ ಬರಬೇಕೆಂದರೂ ಇನ್ನೊಬ್ಬರ ಬಿಡುವಿಗೆ ಕಾಯಬೇಕು.

ಇಂಥವರ ಕುರ್ಚಿಗೆ ಅಡ್ಡಿಗಳನ್ನು ಗುರುತಿಸುವ ಶಕ್ತಿ ಕೊಡಲು ವಿಜ್ಞಾನಿಗಳು ಬಳಸಿದ್ದು ಬಾವಲಿಯ ಉಪಾಯ. ನಮ್ಮ ಕಿವಿಗೆ ಕೇಳದ ಶ್ರವಣಾತೀತ ಶಬ್ದವನ್ನು ಸಂವೇದಕ ಹೊರಡಿಸುತ್ತದೆ. ಅದು ಗೋಡೆಗೆ ಬಡಿದು ಮರಳುವ ವೇಳೆಯಿಂದ ದೂರ ತಿಳಿಯುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಗೋಡೆ 1 ಮೀಟರ್ ದೂರದಲ್ಲಿದ್ದರೆ ಒಂದು ಸೆಕೆಂಡಿನ 1000 ಭಾಗಗಳಲ್ಲಿ 6 ಭಾಗ ಕಳೆಯುವಷ್ಟರಲ್ಲಿ ಪ್ರತಿಧ್ವನಿ ವಾಪಸು ಬಂದಿರುತ್ತದೆ. ಗಂಟೆಗೆ 5 ಕಿಲೋಮೀಟರ್ ವೇಗದ ಕುರ್ಚಿ ಅಷ್ಟರಲ್ಲಿ 1 ಸೆಂಟಿಮೀಟರ್ ಕೂಡ ಸರಿದಿರುವುದಿಲ್ಲ.

ಲೆಕ್ಕವೇನೋ ಸುಲಭ, ಬೀದಿ ಕಷ್ಟ. ಓರೆಯಾಗಿ ನಿಂತ ನುಣುಪು ಗೋಡೆ ಶಬ್ದವನ್ನು ಬೇರೆಡೆಗೆ ಚಿಮ್ಮಿಸುತ್ತದೆ. ಕಂಬಳಿಯಂಥ ಮೆತ್ತನೆಯ ವಸ್ತು ಹೀರಿಕೊಂಡುಬಿಡುತ್ತದೆ. ಚರಂಡಿಯಂತೂ ನೆಲವೇ ಇಲ್ಲದ ಜಾಗ; ಅದನ್ನರಿಯಲು ಕೆಳಕ್ಕೆ ಬಾಗಿಸಿದ ಮತ್ತೊಂದು ಸಂವೇದಕ ಬೇಕು.

1990ರ ದಶಕದಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ‘ನ್ಯಾವ್‌ಚೇರ್’ ರೂಪಿಸಿದಾಗ ಬೇರೊಂದು ತೊಡಕು ಎದುರಾಯಿತು. ಅಡ್ಡಿಗಳಿಂದ ದೂರವಿರಲು ಕಲಿತ ಕುರ್ಚಿಗೆ ಬಾಗಿಲು ದಾಟುವುದೇ ಕಷ್ಟ: ಚೌಕಟ್ಟಿನ ಎರಡು ಬದಿಗಳೂ ಅದರ ಪಾಲಿಗೆ ಅಡ್ಡಿಗಳೇ! ಹಾಗಾಗಿ ಸಾಮಾನ್ಯ ಓಡಾಟಕ್ಕೆ, ಬಾಗಿಲು ದಾಟುವುದಕ್ಕೆ, ಗೋಡೆಯ ಪಕ್ಕ ಸಾಗುವುದಕ್ಕೆ ಬೇರೆ ಬೇರೆ ಕ್ರಮಗಳನ್ನು ಅಳವಡಿಸಿದರು.

ದೆಹಲಿಯ ಐಐಟಿಯಲ್ಲಿ ರೂಪುಗೊಂಡು 2014ರಲ್ಲಿ ಬಳಕೆಗೆ ಬಂದ ಅಂಧರ ‘ಸ್ಮಾರ್ಟ್‌ಕೇನ್’ ಕೋಲು ಕೂಡ ಇದೇ ಪ್ರತಿಧ್ವನಿಯನ್ನು ನಂಬಿದೆ. ಅಡ್ಡಿ ಎದುರಾದರೆ ಅದರ ಹಿಡಿ ಕಂಪಿಸುತ್ತದೆ, ಅಷ್ಟೆ. ಎತ್ತ ತಿರುಗಬೇಕೆಂಬುದು ಹಿಡಿದವರಿಗೇ ಬಿಟ್ಟದ್ದು. ಕುರ್ಚಿಗೂ ಈ ವಿನಯ ಬೇಕು. ಎಚ್ಚರಿಸಲಿ, ವೇಗ ತಗ್ಗಿಸಲಿ. ಆದರೆ ಊಟದ ಮೇಜಿಗೆ, ಗೆಳೆಯನ ಪಕ್ಕಕ್ಕೆ ಎಷ್ಟು ಹತ್ತಿರ ಹೋಗಬೇಕೆಂಬುದು ಕುಳಿತವರ ಇಷ್ಟ.

ವಿಜ್ಞಾನ ಮೇಳಕ್ಕೆ ಇಂಥ ಮಾದರಿ ಮಾಡಹೊರಟ ವಿದ್ಯಾರ್ಥಿ ಮೊದಲು ಗಾಲಿಕುರ್ಚಿಯಲ್ಲಿ ಓಡಾಡುವವರೊಬ್ಬರ ಜತೆ ಅವರ ಮನೆಯಿಂದ ಅಂಗಡಿಯವರೆಗೆ ಹೋಗಿಬರಲಿ. ಎಲ್ಲಿ ಭಯ, ಎಲ್ಲಿ ಯಾರ ನೆರವೂ ಇಲ್ಲದೆ ದಾಟುವಾಸೆ ಎಂದು ಅವರನ್ನೇ ಕೇಳಲಿ. ಅದಕ್ಕೆ ಹಿಡಿಯುವ ಅರ್ಧ ದಿನದಿಂದ ಮಕ್ಕಳ ಓದು ಕೆಟ್ಟಿತೆಂದು ಹೆತ್ತವರು ಎಣಿಸಬೇಕಿಲ್ಲ.