ಭಯ ತೆಗೆದ ಪ್ರಾಣ

ಬ್ರಯಾನ್ ಬರ್ಟಿನೋ ನಿರ್ದೇಶಿಸಿದ, 2008ರಲ್ಲಿ ತೆರೆಕಂಡ 'ದಿ ಸ್ಟ್ರೇಂಜರ್ಸ್' ಎಂಬ ಅಮೆರಿಕದ ಚಲನಚಿತ್ರದಲ್ಲಿ ಜೇಮ್ಸ್ ಮತ್ತು ಕ್ರಿಸ್ಟನ್ ಎಂಬ ಜೋಡಿಯು ಒಂಟಿ ಮನೆಯೊಂದರಲ್ಲಿ ತಂಗಿರುತ್ತದೆ. ಅಪರಾತ್ರಿ ಯುವತಿಯೊಬ್ಬಳು ಬಾಗಿಲು ತಟ್ಟಿ, ಅಲ್ಲಿಲ್ಲದ ಯಾರನ್ನೋ ವಿಚಾರಿಸಿ ಹೋಗುತ್ತಾಳೆ. ಬಳಿಕ ಮುಖವಾಡ ಧರಿಸಿದ ಮೂವರು ಅವರನ್ನು ಬೆಳಗಾಗುವವರೆಗೂ ಪೀಡಿಸುತ್ತಾರೆ.

ಇಂತಹ ಚಿತ್ರಗಳು ಭಯವನ್ನೇ ಬಂಡವಾಳವಾಗಿಸಿಕೊಳ್ಳುವುದು ಹೊಸತೇನಲ್ಲ. ಆದರೆ ಇದರಲ್ಲಿ ವಿಚಾರಯೋಗ್ಯವಾದ ಘಟನೆಯೊಂದಿದೆ. ಜೇಮ್ಸನನ್ನು ಕರೆದೊಯ್ಯಲು ಗೆಳೆಯ ಮೈಕ್ ಬರುತ್ತಾನೆ. ಕೋವಿ ಹಿಡಿದು ಕೋಣೆಯಲ್ಲಿ ಅವಿತಿದ್ದ ಜೇಮ್ಸ್, ಬಾಗಿಲಲ್ಲಿ ಆಕೃತಿ ಕಂಡೊಡನೆ, ಬಂದವನಾರೆಂದು ನೋಡದೆ ಗುಂಡು ಹಾರಿಸುತ್ತಾನೆ. ಆ ರಾತ್ರಿ ಆ ಮನೆಯಲ್ಲಿ ಮೊದಲು ಹೋದ ಪ್ರಾಣ ನಿರಪರಾಧಿಯದು. ತೆಗೆದವನು ಮುಖವಾಡದವನಲ್ಲ, ಭಯಗ್ರಸ್ತನಾದ ಸಜ್ಜನ.

ಕೊನೆಗೆ ಕ್ರಿಸ್ಟನ್ ಕಾರಣ ಕೇಳಿದಾಗ, ಅವರು ಮನೆಯಲ್ಲಿದ್ದುದೇ ಕಾರಣವೆಂದು ಆ ದುಷ್ಟರಲ್ಲೊಬ್ಬಳು ಹೇಳುತ್ತಾಳೆ. ಮೈಕನ ವಿಷಯದಲ್ಲಿ ಅಷ್ಟು ಉತ್ತರವೂ ಇಲ್ಲ.